'ಬಾಸ್' ಪದ ಗಂಡಸರಿಗೆ ಮಾತ್ರ ಫ್ರೀ

ನಿಜವಾದ ಬಾಸನ್ನು ನಾವು 'ಬಾಸ್' ಅಂತ ಕರೆಯುವುದು ತೀರಾ ಕಮ್ಮಿ. ಎದುರಿಗೆ ಅವರು 'ಸರ್'. ಬೆನ್ನ ಹಿಂದೆ 'ನಮ್ ಬಾಸ್ ಇದಾನಲ್ಲ...' ಅಂತ ಪುರಾಣ ಶುರುವಾಗುತ್ತದೆ. ನೇರವಾಗಿ ಬಾಸ್ ಅನ್ನಿಸಿಕೊಳ್ಳುವವರು ನಮ್ಮ ಮೇಲೆ ಯಾವ ಅಧಿಕಾರವೂ ಇಲ್ಲದವರು. 'ಬಾಸ್, ಸ್ವಲ್ಪ ಜರುಗ್ತೀರಾ?' 'ಅಯ್ಯೋ ಬಿಡಿ ಬಾಸ್.' ಹೆಸರು ಗೊತ್ತಿಲ್ಲದವರನ್ನು ಕರೆಯೋಕೆ ಇಷ್ಟು ಅನುಕೂಲದ ಪದ ಇನ್ನೊಂದಿಲ್ಲ. 'ಸರ್' ಅಂದರೆ ನಾವು ಒಂದು ಮೆಟ್ಟಿಲು ಇಳಿದ ಹಾಗೆ. 'ಅಣ್ಣ' ಅಂದರೆ ವಯಸ್ಸಿನ ಲೆಕ್ಕ ಬಂತು. 'ಗುರು' ಅಂದರೆ ಸಲಿಗೆ ಜಾಸ್ತಿಯಾಯಿತು. ಬಾಸ್‌ಗೆ ಈ ರಗಳೆ ಇಲ್ಲ. ಜಗಳಕ್ಕೂ ಆಗಿಬರುತ್ತದೆ. 'ಏನ್ ಬಾಸ್ ಇದು?' ಅಂತ ಸ್ವಲ್ಪ ಎಳೆದು ಹೇಳಿದರೆ ಮರ್ಯಾದೆ ಕೊಟ್ಟ ಹಾಗೂ ಇರುತ್ತದೆ, ತೆಗೆದ ಹಾಗೂ ಇರುತ್ತದೆ.

ಈ ಪದ ಮೊದಲಿಂದಲೂ ಹೀಗೇ, ಕೈಗೆ ಸಿಗುವುದಿಲ್ಲ. ಮೂಲ ಡಚ್, ಅರ್ಥ ಒಡೆಯ. ಅಲ್ಲಿಂದ ಅಮೆರಿಕದ ಇಂಗ್ಲಿಷಿಗೆ ಬಂತು. ಅಮೆರಿಕದಲ್ಲಿ ಗುಲಾಮರು ತಮ್ಮನ್ನು ಕೊಂಡವನನ್ನು 'ಮಾಸ್ಟರ್' ಅನ್ನುತ್ತಿದ್ದರು. ಕೂಲಿಗೆ ದುಡಿಯುವ ಬಿಳಿಯರಿಗೆ ಅದೇ ಪದ ಬಾಯಲ್ಲಿ ಬರಲಿಲ್ಲ. ತಾವೇನು ಗುಲಾಮರಾ? ಅದಕ್ಕೇ 'ಬಾಸ್' ಹಿಡಿದುಕೊಂಡರು. ಡಚ್ಚಿನಲ್ಲಿ ಇದರ ಅರ್ಥವೂ ಅದೇ ಅಲ್ವಾ ಅಂತ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್ 1838ರಲ್ಲೇ ಕುಟುಕಿದ್ದ. ದಕ್ಷಿಣ ಆಫ್ರಿಕಾದಲ್ಲಿ ಕಥೆ ಪೂರ್ತಿ ಉಲ್ಟಾ. ಅಲ್ಲಿ ಇದೇ ಡಚ್ ಪದವನ್ನು ಕಪ್ಪು ಜನರ ಬಾಯಲ್ಲಿ ಹೇಳಿಸಿಕೊಂಡವರು ಬಿಳಿಯರು. ಬಿಳಿಯರ ದರ್ಬಾರಿಗೆ 'ಬಾಸ್‌ಸ್ಕಾಪ್' ಅಂತಲೇ ಹೆಸರಿತ್ತು.

ಬೇರೆ ಕಡೆ ಪದ ಹಗುರಾಗುತ್ತಾ ಹೋಯಿತು. ಲಿವರ್‌ಪೂಲಿನವರಿಗೆ 'ಬಾಸ್' ಅಂದರೆ ಸೂಪರ್. 1965ರಲ್ಲಿ ಲಾಸ್ ಏಂಜಲೀಸಿನ ಕೆಎಚ್‌ಜೆ ಸ್ಟೇಷನ್ 'ಬಾಸ್ ರೇಡಿಯೋ' ಆದದ್ದೂ ಇಂಥದ್ದೇ ಅರ್ಥದಲ್ಲಿ. ವಿಡಿಯೋ ಗೇಮಿನಲ್ಲಿ ಬಾಸ್ ಅಂದರೆ ಲೆವೆಲ್ ಕೊನೆಗೆ ಕಾದು ಕೂತಿರುವ ದೊಡ್ಡ ರಾಕ್ಷಸ. ಅವನನ್ನು ಹೊಡೆಯದೆ ಮುಂದೆ ಹೋಗೋ ಹಾಗಿಲ್ಲ. (ಈ ಹೆಸರಿಟ್ಟವರು ಖಂಡಿತ ಎಲ್ಲೋ ಸಂಬಳಕ್ಕೆ ದುಡಿಯುತ್ತಿದ್ದರು!) ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ಗೆ 'ದ ಬಾಸ್' ಅನ್ನೋ ಅಡ್ಡಹೆಸರು ಬಂದದ್ದು ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದಾಗ. ರಾತ್ರಿಯ ದುಡ್ಡು ಇಸಿದುಕೊಂಡು ಬ್ಯಾಂಡಿನವರಿಗೆ ಹಂಚುತ್ತಿದ್ದದ್ದು ಅವರೇ. ಆ ಹೆಸರು ಅವರಿಗೆ ಅಷ್ಟಾಗಿ ಹಿಡಿಸಿಲ್ಲ. ನನಗಂತೂ ಎಲ್ಲ ಅರ್ಥಗಳಿಗಿಂತ ಇದೇ ಇಷ್ಟ, ದುಡ್ಡು ಸರಿಯಾಗಿ ಹಂಚುವವರು ಬಾಸ್.

ನನ್ನ ತಕರಾರು ಇರುವುದು ಬೇರೆ ಕಡೆ. ಇಷ್ಟು ಧಾರಾಳವಾಗಿ ಓಡಾಡುವ ಈ ಪದ ಹೆಂಗಸರ ಹತ್ತಿರ ಬಂದ ತಕ್ಷಣ ಬ್ರೇಕ್ ಹಾಕುತ್ತದೆ. ಕೆಲಸದಲ್ಲಿ ಒಂದು ಟೀಮ್ ನೋಡಿಕೊಳ್ಳುವವಳು ನಾನು. ಹುಡುಗರು ಒಬ್ಬರಿಗೊಬ್ಬರು ದಿನವಿಡೀ ಬಾಸ್, ಬಾಸ್. ನಿನ್ನೆ ಸೇರಿದವನೂ ಬಾಸ್. ನಾನು ಮೇಡಂ. ಒಬ್ಬ ಹುಡುಗ ಒಮ್ಮೆ ಫೋನಿನಲ್ಲಿ ಅವಸರಕ್ಕೆ 'ಬಾಸ್, ಆ ಫೈಲ್ ಕಳಿಸ್ತೀರಾ?' ಅಂದ. ಒಂದು ಕ್ಷಣ ಸುಮ್ಮನಾಗಿ, 'ಅಯ್ಯೋ ಸಾರಿ ಮೇಡಂ, ತಪ್ಪು ತಿಳ್ಕೋಬೇಡಿ' ಅಂದ. ಲೆಕ್ಕಕ್ಕೆ ಆ ಇಡೀ ಗುಂಪಿನಲ್ಲಿ ಬಾಸ್ ಅಂತ ಇರೋದು ನಾನೊಬ್ಬಳೇ. ನನ್ನನ್ನು ಹಾಗೆ ಕರೆದದ್ದಕ್ಕೆ ಕ್ಷಮೆ! ಅವನು ಒಳ್ಳೆ ಹುಡುಗ, ಅವನ ಮೇಲೆ ಸಿಟ್ಟಿಲ್ಲ. ಗಂಡಸಿಗೆ ಹೇಳೋ ಮಾತನ್ನು ಹೆಂಗಸಿಗೆ ಹೇಳಿಬಿಟ್ಟೆ ಅಂತ ಅವನಿಗೆ ಗಾಬರಿ, ಅಷ್ಟೇ.

ನಮಗೆ ಸಿಗುವುದು 'ಬಾಸಿ'. ಇಂಗ್ಲಿಷಿನಲ್ಲಿ ಬಾಲ ಸೇರಿಸಿ ಬೈಗುಳ ಮಾಡಿದ ಪದ. ಕೆಲಸ ಹೇಳೋ ಹುಡುಗ ಲೀಡರ್, ಕೆಲಸ ಹೇಳೋ ಹುಡುಗಿ ಬಾಸಿ. 2014ರಲ್ಲಿ ಫೇಸ್‌ಬುಕ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಈ ಪದ ಬೇಡ ಅಂತ 'ಬ್ಯಾನ್ ಬಾಸಿ' ಅಭಿಯಾನವನ್ನೇ ಶುರು ಮಾಡಿದರು. ಪದ ನಿಷೇಧಿಸಿದರೆ ಬುದ್ಧಿ ಬದಲಾಗುತ್ತದಾ? ನನಗೆ ಆಗಲೂ ನಂಬಿಕೆ ಇರಲಿಲ್ಲ. ಅದೇ ಹೊತ್ತಿಗೆ, ಕೆಲಸದಲ್ಲಿ ಗೆದ್ದು ಮೇಲೆ ಬಂದ ಹೆಣ್ಣಿಗೆ ಅಂತ 'ಗರ್ಲ್‌ಬಾಸ್' ಬಂತು. ಮೊದಲು ಹೆಮ್ಮೆ, ಕೆಲವೇ ವರ್ಷಗಳಲ್ಲಿ ಮೀಮ್. ಈಗ ಗರ್ಲ್‌ಬಾಸ್ ಅಂದರೆ ಹೊಗಳಿದ್ದಾ ಅಣಕಿಸಿದ್ದಾ ಅಂತ ಮುಖ ನೋಡಿ ತಿಳಿಯಬೇಕು. 'ಬಾಯ್‌ಬಾಸ್' ಅಂತ ಯಾರೂ ಅನ್ನಲ್ಲ, ಗಮನಿಸಿ.

ಮೆಕ್ಸಿಕೋದವರು ಪರವಾಗಿಲ್ಲ. ಅಲ್ಲಿಯ ಆಡುಮಾತಿನ ಸ್ಪ್ಯಾನಿಷ್‌ನಲ್ಲಿ 'ಮಿ ಹೆಫಾ', ಅಂದರೆ ನನ್ನ ಬಾಸಮ್ಮ, ಅಂತ ಕರೆಯುವುದು ಸ್ವಂತ ಅಮ್ಮನನ್ನು. ಅಪ್ಪ 'ಹೆಫೆ'. ಇಬ್ಬರಿಗೂ ಸಮಪಾಲು.

ಉಳಿದಂತೆ ಎಲ್ಲ ಭಾಷೆಯ ಗಂಡಸರೂ ಹೆಂಡತಿಗೆ ಈ ಪದ ಕೊಡುವುದು ಒಂದೇ ಸಂದರ್ಭದಲ್ಲಿ. ನಾಲ್ಕು ಜನ ಸೇರಿದಾಗ, ಹಲ್ಲು ಕಿರಿದು, 'ಏನಿದ್ರೂ ಮನೇಲಿ ಬಾಸ್ ಇವಳೇ ಕಣ್ರೀ!' ಎಲ್ಲರೂ ನಗುತ್ತಾರೆ. ಅವಳೂ ನಗುತ್ತಾಳೆ. ಇನ್ನು ಯಾರಾದರೂ ಈ ಜೋಕ್ ಹೊಡೆದರೆ, ಬ್ಯಾಂಕ್ ಆ್ಯಪ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಸುಮ್ನೆ ಕೇಳಿ ನೋಡಿ, ಬಾಸ್.