ಪುಸ್ತಕವನ್ನೂ ನೀರಿಗೆ ಹಾಕಿ ನೋಡಿ

1692ರಲ್ಲಿ ಅಮೆರಿಕದ ಕನೆಕ್ಟಿಕಟ್ ವಸಾಹತಿನ ಫೇರ್‌ಫೀಲ್ಡ್ ಎಂಬ ಊರಲ್ಲಿ ಇಬ್ಬರು ಹೆಂಗಸರ ಕೈಕಾಲು ಕಟ್ಟಿ ನೀರಿಗೆ ಹಾಕಿದರು. ಒಬ್ಬಳು ಮರ್ಸಿ ಡಿಸ್‌ಬರೋ, ಇನ್ನೊಬ್ಬಳು ಎಲಿಜಬೆತ್ ಕ್ಲಾಸನ್. ಲೆಕ್ಕ ಬಹಳ ಸುಲಭ. ಮುಳುಗಿದರೆ ನಿರಪರಾಧಿ, ತೇಲಿದರೆ ಮಾಟಗಾತಿ. ಇಬ್ಬರೂ ಬೆಂಡಿನ ಹಾಗೆ ತೇಲಿದರು ಅಂತ ದಡದಲ್ಲಿ ನಿಂತವರು ಸಾಕ್ಷಿ ಹೇಳಿದರು. ದಡದಲ್ಲಿ ನಿಂತವರಿಗೆ ಯಾವ ಪರೀಕ್ಷೆಯೂ ಇರಲಿಲ್ಲ.

ಈ ಪದ್ಧತಿ ಅಲ್ಲಿ ನಿಂತು ಬಹಳ ಕಾಲವಾಯಿತು ಅಂದುಕೊಂಡಿದ್ದೆ. ಆಮೇಲೆ ಒಂದು ಮಕ್ಕಳ ಕಾದಂಬರಿಯ ಬಗ್ಗೆ ಓದುಗರು ಏನೇನು ಹೇಳುತ್ತಾರೆ ಅಂತ ಗಮನಿಸುತ್ತಾ ಕೂತೆ. ದಡದಲ್ಲಿ ಜನ ಇನ್ನೂ ಹಾಗೇ ನಿಂತಿದ್ದಾರೆ.

ಕಾದಂಬರಿಯ ಹೆಸರು 'ದಿ ವಿಚ್ ಆಫ್ ಬ್ಲ್ಯಾಕ್‌ಬರ್ಡ್ ಪಾಂಡ್'. ಬ್ಲ್ಯಾಕ್‌ಬರ್ಡ್ ಕೊಳದ ಮಾಟಗಾತಿ ಅನ್ನಬಹುದು. ಬರೆದವರು ಎಲಿಜಬೆತ್ ಜಾರ್ಜ್ ಸ್ಪಿಯರ್. 1958ರಲ್ಲಿ ಬಂತು. ಮರುವರ್ಷ ನ್ಯೂಬೆರಿ ಪದಕವೂ ಬಂತು. ಅಮೆರಿಕದ ಮಕ್ಕಳ ಸಾಹಿತ್ಯದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಕಥೆ ನಡೆಯುವುದು 1687ರಲ್ಲಿ, ಕನೆಕ್ಟಿಕಟ್ ನದಿಯ ದಂಡೆಯ ವೆದರ್ಸ್‌ಫೀಲ್ಡ್ ಎಂಬ ಊರಲ್ಲಿ. ಹದಿನಾರು ವರ್ಷದ ಕಿಟ್ ಟೈಲರ್ ಬಾರ್ಬಡೋಸ್ ದ್ವೀಪದಿಂದ ಹಡಗು ಹತ್ತಿ ಚಿಕ್ಕಮ್ಮನ ಮನೆಗೆ ಬರುತ್ತಾಳೆ. ಮೊದಲು ಒಂದು ಕಾಗದವನ್ನೂ ಬರೆದಿರುವುದಿಲ್ಲ. ಜೊತೆಗೆ ಏಳು ಪೆಟ್ಟಿಗೆ ತುಂಬ ರೇಷ್ಮೆ ಬಟ್ಟೆ. ಮನೆಯ ಯಜಮಾನರೋ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು. ಬಟ್ಟೆಗೆ ಒಂದು ರಿಬ್ಬನ್ ಜಾಸ್ತಿಯಾದರೂ ದೇವರು ಮುನಿಯುತ್ತಾನೆ ಅನ್ನುವ ಜಾತಿ. ರೇಷ್ಮೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹುಡುಗಿ ಈರುಳ್ಳಿ ಹೊಲದಲ್ಲಿ ಕಳೆ ಕೀಳುತ್ತಾಳೆ. ಜೋಳದ ಹಿಟ್ಟನ್ನು ಚೂರುಚೂರೇ ಹಾಕಿ ತಿರುಗಿಸುವ ಬದಲು ಒಂದೇ ಸಲ ಸುರಿದು ಅಡುಗೆ ಕೆಡಿಸುತ್ತಾಳೆ. ಮುದ್ದೆ ಮಾಡಲು ಹೋಗಿ ಗಂಟು ಕಟ್ಟಿಸಿಕೊಂಡವರಿಗೆ ಈ ಪುಟ ಓದುವಾಗ ಕರುಳು ಚುರುಕ್ ಅನ್ನುತ್ತದೆ. ನನಗಂತೂ ಅಂದಿತು.

ಈ ಹುಡುಗಿಯ ಅಪರಾಧ ಏನು ಗೊತ್ತಾ? ಈಜು ಬರುತ್ತದೆ. ಊರು ಮುಟ್ಟುವ ಮೊದಲೇ ಪ್ರೂಡೆನ್ಸ್ ಎಂಬ ಪುಟ್ಟ ಹುಡುಗಿಯ ಮರದ ಗೊಂಬೆ ನೀರಿಗೆ ಬೀಳುತ್ತದೆ. ಕಿಟ್ ಹಾರಿ ಎತ್ತಿಕೊಡುತ್ತಾಳೆ. ದೋಣಿಯಲ್ಲಿದ್ದವರಿಗೆ ಗೊಂಬೆ ಸಿಕ್ಕಿದ್ದು ಕಾಣಲಿಲ್ಲ. ಹೆಂಗಸು ತೇಲಿದ್ದು ಕಂಡಿತು. ಪ್ರೂಡೆನ್ಸಳ ತಾಯಿ, ಗುಡ್‌ವೈಫ್ (ಆ ಕಾಲದ 'ಶ್ರೀಮತಿ' ಅನ್ನಿ) ಕ್ರಫ್, ಅಲ್ಲೇ ಮನಸ್ಸಿನಲ್ಲಿ ತೀರ್ಪು ಬರೆದುಬಿಟ್ಟಳು. ಕಥೆಯಲ್ಲಿ ವಿಚಾರಣೆ ಬರುವುದು ಬಹಳ ಪುಟಗಳಾದ ಮೇಲೆ.

ಕೊಳದ ಪಕ್ಕ ಗುಡಿಸಲಲ್ಲಿ ಹ್ಯಾನಾ ಟಪ್ಪರ್ ಎಂಬ ಅಜ್ಜಿ ಇದ್ದಾಳೆ. ಪ್ಯೂರಿಟನ್ನರಿಗೆ ಆಗದ ಕ್ವೇಕರ್ ಎಂಬ ಕ್ರೈಸ್ತ ಪಂಗಡದವಳು. ಹಣೆಗೆ ಹಿಂದೆ ಯಾರೋ ಬರೆ ಹಾಕಿದ ಗುರುತಿದೆ. ಬೆಕ್ಕು ಸಾಕಿದ್ದಾಳೆ. ಚರ್ಚಿಗೆ ಬರುವುದಿಲ್ಲ. ಇಷ್ಟು ಸಾಲದೇ? ಊರಿನ ಮಕ್ಕಳಿಗೆ ಜ್ವರ ಬಂದಾಗ ಜನ ಗುಂಪು ಕಟ್ಟಿಕೊಂಡು ಹೋಗಿ ಅಜ್ಜಿಯ ಮನೆ ಸುಡುತ್ತಾರೆ. ಅಜ್ಜಿ ತಪ್ಪಿಸಿಕೊಳ್ಳುತ್ತಾಳೆ, ಕಿಟ್ ಸಿಕ್ಕಿಬೀಳುತ್ತಾಳೆ.

ವಿಚಾರಣೆಯಲ್ಲಿ ಹಾಜರಾಗುವ ಸಾಕ್ಷ್ಯವನ್ನು ಸ್ವಲ್ಪ ಗಮನವಿಟ್ಟು ನೋಡಿ. ಮಕ್ಕಳು ಅಕ್ಷರ ಕಲಿಯುವ ಹಲಗೆ. ಒಂದು ಕಾಪಿ ಪುಸ್ತಕ, ಅದರ ತುಂಬ ಪ್ರೂಡೆನ್ಸಳ ಹೆಸರು. ಮಗಳು ದಡ್ಡಿ, ಅವಳಿಗೆ ಅಕ್ಷರ ಹತ್ತುವುದಿಲ್ಲ ಅನ್ನುವುದು ತಾಯಿಯ ದೃಢ ನಂಬಿಕೆ. ಹಾಗಾಗಿ ಹೆಸರು ಬರೆದದ್ದು ಮಾಟಕ್ಕೇ ಇರಬೇಕು. ಅಷ್ಟರಲ್ಲಿ ಪ್ರೂಡೆನ್ಸಳೇ ಬರುತ್ತಾಳೆ. ಎಲ್ಲರೆದುರು ಹೆಸರು ಬರೆಯುತ್ತಾಳೆ. ಬೈಬಲ್ ತೆಗೆದು ಗಟ್ಟಿಯಾಗಿ ಓದುತ್ತಾಳೆ. ಕಿಟ್ ಗುಟ್ಟಾಗಿ ಮಾಡಿದ್ದು ಅದನ್ನೇ, ಓದು ಕಲಿಸಿದ್ದು. ಹುಡುಗಿಯ ಅಪ್ಪ ಎದೆಯುಬ್ಬಿಸಿ ದೂರು ವಾಪಸ್ ತೆಗೆದುಕೊಳ್ಳುತ್ತಾನೆ. ಕೇಸು ಮುಗಿಯಿತು. ಇಡೀ ಕಾದಂಬರಿಯಲ್ಲಿ ನಡೆಯುವ ಒಂದೇ ಒಂದು ಮಾಯೆ ಎಂದರೆ ಒಂದು ಮಗುವಿಗೆ ಓದಲು ಬಂದದ್ದು.

ಈಗ 2002ಕ್ಕೆ ಬನ್ನಿ. ಅದೇ ನದಿ, ಅದೇ ದಂಡೆ. ವೆದರ್ಸ್‌ಫೀಲ್ಡಿನಿಂದ ಕೆಳಗೆ ಬಂದರೆ ರಾಕಿ ಹಿಲ್, ಅದು ದಾಟಿದರೆ ಕ್ರಾಮ್‌ವೆಲ್. ಆ ಕ್ರಾಮ್‌ವೆಲ್‌ನಲ್ಲಿ ಕೆಲವು ಪೋಷಕರು ಶಾಲೆಗೆ ದೂರು ಕೊಟ್ಟರು. ಈ ಕಾದಂಬರಿ ಪಾಠದಲ್ಲಿ ಬೇಡ. ಕಾರಣ? ಮಾಟಮಂತ್ರ.

ಹುಲಿ ಮಾರ್ಕಿನ ಬೆಂಕಿಪೊಟ್ಟಣ ನೋಡಿ ಅರಣ್ಯ ಇಲಾಖೆಗೆ ಫೋನ್ ಮಾಡಿದ ಹಾಗಾಯಿತು.

ಆ ಪೋಷಕರ ಮೇಲೆ ಸಿಟ್ಟೇನೂ ಇಲ್ಲ. ಒಂದು ಲೆಕ್ಕದಲ್ಲಿ ಕಾದಂಬರಿಯನ್ನು ಅವರಷ್ಟು ನಿಷ್ಠೆಯಿಂದ ಯಾರೂ ಪಾಲಿಸಿಲ್ಲ. ಗುಡ್‌ವೈಫ್ ಕ್ರಫ್ ಮಾಡಿದ್ದನ್ನೇ 315 ವರ್ಷದ ಮೇಲೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮಾಡಿ ತೋರಿಸಿದರು. ಸಂಬಳವಿಲ್ಲದೆ ಇಂಥ ನಾಟಕ ಆಡುವವರು ಎಲ್ಲಿ ಸಿಗುತ್ತಾರೆ, ಹೇಳಿ?

ಇನ್ನೊಂದು ಗುಂಪಿನ ದೂರು ಇದಕ್ಕೆ ತದ್ವಿರುದ್ಧ. ಇಷ್ಟು ಪುಟ ಓದಿದೆವು, ಮಾಟಗಾತಿ ಎಲ್ಲಿ? ಪೊರಕೆ ಹಾರಲಿಲ್ಲ, ಕಪ್ಪೆ ರಾಜಕುಮಾರ ಆಗಲಿಲ್ಲ, ಬೆಕ್ಕು ಕೊನೆಯ ತನಕ ಬೆಕ್ಕಾಗಿಯೇ ಉಳಿಯಿತು. ಇದು ಮೋಸ, ಹಣ ವಾಪಸ್ ಕೊಡಿ. ಇವರು ಬೆಂಕಿಪೊಟ್ಟಣ ತೆರೆದು, ಒಳಗೆ ಬರೀ ಕಡ್ಡಿ ನೋಡಿ, ಹುಲಿ ಎಲ್ಲಪ್ಪಾ ಅಂತ ಅಂಗಡಿಯವನ ಕೊರಳಪಟ್ಟಿ ಹಿಡಿಯುವವರು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ಐವತ್ತು ಪುಟ ನಾನೂ ಇದೇ ಗುಂಪಿನಲ್ಲಿದ್ದೆ. ರಾತ್ರಿ ದೀಪ ಹಾಕಿಕೊಂಡೇ ಮಲಗುವ ತಯಾರಿಯಲ್ಲಿ ಪುಸ್ತಕ ಹಿಡಿದಿದ್ದೆ. ಸಿಕ್ಕಿದ್ದು ಈರುಳ್ಳಿ.

ಅಂತೂ ಪುಸ್ತಕದ ಗತಿ ನೋಡಿ. ಮಾಟ ಇದ್ದರೆ ಪಾಪ, ಇಲ್ಲದಿದ್ದರೆ ಮೋಸ. ತೇಲಿದರೂ ಕಷ್ಟ, ಮುಳುಗಿದರೂ ಕಷ್ಟ.

ನನ್ನ ಅಕ್ಕನ ಮಗಳು ಅಮೆರಿಕದಲ್ಲಿ ಶಾಲೆಗೆ ಹೋಗುತ್ತಾಳೆ. ಅವಳೂ ಇದನ್ನು ಓದುತ್ತಿದ್ದಾಳೆ ಅಂತ ಗೊತ್ತಾಗಿದ್ದು ಅಕ್ಕನ ಫೋನ್‌ನಿಂದ.

"ಏನೇ, ಆ ಪುಸ್ತಕದಲ್ಲಿ ಮಾಟಗೀಟ ಇದೆಯಂತೆ, ಹೌದೇನೇ? ಇಲ್ಲಿ ಒಬ್ರು ಹೇಳ್ತಿದ್ರು."

"ಅವರು ಓದಿದಾರಾ ಅಕ್ಕಾ?"

"ಇಲ್ವಂತೆ. ಅವರಿಗೆ ಇನ್ನೊಬ್ರು ಹೇಳಿದ್ದಂತೆ."

"ಅವರು ಓದಿದಾರಾ?"

"ಅಯ್ಯೋ, ಅದನ್ನೆಲ್ಲ ಕೇಳೋಕಾಗುತ್ತಾ? ತಪ್ಪು ತಿಳ್ಕೋತಾರೆ."

ಸುಮ್ನೆ ಹೇಳುತ್ತಿಲ್ಲ, ಹದಿನೇಳನೇ ಶತಮಾನದಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಕೋರ್ಟಿನಲ್ಲಿ ಕೇಸು ದಾಖಲಿಸಲು ಈ ಮೂರು ಸಾಲು ಧಾರಾಳ ಸಾಕಾಗುತ್ತಿತ್ತು. ಫೋನನ್ನು ಹುಡುಗಿಯ ಕೈಗೆ ಕೊಡಿಸಿ ಕೇಳಿದೆ, ಹೇಗಿದೆಯೇ ಪುಸ್ತಕ ಅಂತ. "ಚಿಕ್ಕಮ್ಮ, ಕಿಟ್ ಯಾರನ್ನ ಮದ್ವೆ ಆಗ್ತಾಳೆ ಅಂತ ಮಾತ್ರ ಹೇಳ್ಬೇಡ" ಅಂದಳು. ಮಾಟದ ಬಗ್ಗೆ ಅವಳಿಗೆ ಚಿಂತೆಯೇ ಇಲ್ಲ. ಮೂವರು ಹುಡುಗಿಯರು, ಮೂವರು ಹುಡುಗರು, ಯಾರಿಗೆ ಯಾರು ಅನ್ನುವುದೇ ದೊಡ್ಡ ತಲೆಬಿಸಿ. ಶಾಲೆಯಲ್ಲಿ ಪ್ರತಿ ಅಧ್ಯಾಯಕ್ಕೂ ಪ್ರಶ್ನೆ ಕೊಡುತ್ತಾರಂತೆ. ಈ ಕಾದಂಬರಿ ಬೋರು ಅನ್ನುವ ಮಕ್ಕಳು ಬಹುಪಾಲು ಬೈಯುವುದು ಪ್ರಶ್ನೆಪತ್ರಿಕೆಯನ್ನೇ ಅಂತ ನನ್ನ ಗುಮಾನಿ.

ಇಷ್ಟೆಲ್ಲ ಗಲಾಟೆಯ ನಡುವೆ ಕೇಳಲೇಬೇಕಾದ ಒಂದು ಪ್ರಶ್ನೆ ಮೂಲೆಗೆ ಸರಿದಿದೆ. ಕಿಟ್‌ಳ ತಾತನಿಗೆ ಬಾರ್ಬಡೋಸ್‌ನಲ್ಲಿ ತೋಟ ಇತ್ತು. ತೋಟ ಅಂದರೆ ಗುಲಾಮರು. ಅವಳು ಹಡಗಿನ ದುಡ್ಡು ಹೊಂದಿಸಿದ್ದೇ ತನ್ನ ಸೇವೆಗಿದ್ದ ಗುಲಾಮ ಹುಡುಗಿಯನ್ನು ಮಾರಿ. ಕಾದಂಬರಿ ಇದನ್ನು ಹೇಳಿ ಮುಂದೆ ಹೋಗಿಬಿಡುತ್ತದೆ. ಆ ಹುಡುಗಿ ಯಾರ ಮನೆ ಸೇರಿದಳು, ಏನಾದಳು, ಕಥೆಯಲ್ಲಿ ಇಲ್ಲ. ಇದನ್ನು ಎತ್ತಿ ಆಡುವ ಓದುಗರು ಇದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ದೂರಿನ ಅರ್ಜಿ ಹಿಡಿದು ಓಡಿದವರ ಕಣ್ಣಿಗೆ ಬಿದ್ದದ್ದು ಮಾತ್ರ ಇಲ್ಲದ ಮಾಟಗಾತಿ. ಇದ್ದ ಹುಡುಗಿ ಕಾಣಲಿಲ್ಲ.

ಹೀಗೇ ದೂರು ತಿಂದ ಇನ್ನೊಂದು ಮಕ್ಕಳ ಕಾದಂಬರಿ ಇದೆ, 'ಮೈ ಬ್ರದರ್ ಸ್ಯಾಮ್ ಈಸ್ ಡೆಡ್', 1974ರದ್ದು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಥೆ. ಅದೂ ಕನೆಕ್ಟಿಕಟ್‌ನಲ್ಲೇ ನಡೆಯುತ್ತದೆ. ದೇಶಕ್ಕಾಗಿ ಹೋರಾಡಲು ಹೋದ ಸ್ಯಾಮ್‌ನನ್ನು ಅವನ ಪಡೆಯವರೇ ದನ ಕದ್ದ ಸುಳ್ಳು ಆರೋಪ ಹೊರಿಸಿ ಗುಂಡಿಟ್ಟು ಕೊಲ್ಲುತ್ತಾರೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ 100 ಪುಸ್ತಕಗಳ ಪಟ್ಟಿಯಲ್ಲಿ ಇದಕ್ಕೆ 12ನೇ ಸ್ಥಾನ. ಒಂದು ಮುಖ್ಯ ಆಕ್ಷೇಪ, ಪಾತ್ರಗಳು ಕೆಟ್ಟ ಮಾತು ಆಡುತ್ತವೆ ಅನ್ನುವುದು. ತಲೆ ಬೇಕಾದರೆ ಹಾರಿಸಿ ಸ್ವಾಮಿ, ಆದರೆ ಮಕ್ಕಳಿದ್ದಾರೆ, ನಾಲಿಗೆ ಹಿಡಿದು ಹಾರಿಸಿ.

ಹಾಗಂತ ಆ ಪ್ಯೂರಿಟನ್ನರು ಓದಿನ ವೈರಿಗಳೇನಲ್ಲ. ಕನೆಕ್ಟಿಕಟ್‌ನ 1650ರ ಕಾನೂನು ಸಂಹಿತೆಯಲ್ಲಿ ಐವತ್ತು ಮನೆಗಳಿರುವ ಊರು ಓದುಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ಇಡಬೇಕು ಅಂತ ಇತ್ತು. ಕಾರಣವನ್ನೂ ಬರೆದಿದ್ದರು. ಜನ ಧರ್ಮಗ್ರಂಥ ಓದದಂತೆ ನೋಡಿಕೊಳ್ಳುವುದೇ ಸೈತಾನನ ಹಳೇ ಹೂಟವಂತೆ, ಅದಕ್ಕೆ ಮಕ್ಕಳಿಗೆ ಅಕ್ಷರ ಬರಬೇಕು. ಎಂಥ ಒಳ್ಳೆಯ ಕಾನೂನು! ಅದೇ ಸಂಹಿತೆಯ ಇನ್ನೊಂದು ಪುಟದಲ್ಲಿ, ಮಾಟಗಾತಿಗೆ ಮರಣದಂಡನೆ ಅಂತಲೂ ಇತ್ತು. ಎರಡೂ ಪುಟ ಒಂದೇ ಸಲ ಓದಿದವರು ಜಾಸ್ತಿ ಇರಲಿಲ್ಲ ಅನಿಸುತ್ತದೆ.

ಎರಡನೇ ಪುಟವಂತೂ ಚೆನ್ನಾಗಿ ಬಳಕೆಯಾಯಿತು. ವಿಂಡ್ಸರ್ ಊರಿನ ಆಲ್ಸ್ ಯಂಗ್ ಎಂಬಾಕೆಯನ್ನು 1647ರ ಮೇ 26ರಂದು ಹಾರ್ಟ್‌ಫರ್ಡ್‌ನಲ್ಲಿ ಆಗಲೇ ನೇಣಿಗೆ ಹಾಕಿದ್ದರು. ಅಲ್ಲಿನ ಇಂಗ್ಲಿಷ್ ವಸಾಹತುಗಳಲ್ಲಿ ಮಾಟಗಾತಿ ಎಂದು ಕೊಲ್ಲಲ್ಪಟ್ಟ ಮೊದಲನೆಯವಳು ಅವಳೇ. ವೆದರ್ಸ್‌ಫೀಲ್ಡ್ ಕೂಡ ಹಿಂದೆ ಬೀಳಲಿಲ್ಲ. ಆ ಊರಿನ ಜಾನ್ ಕ್ಯಾರಿಂಗ್‌ಟನ್ ಮತ್ತು ಅವನ ಹೆಂಡತಿ ಜೋನ್ ಇಬ್ಬರನ್ನೂ 1651ರಲ್ಲಿ ಮುಗಿಸಿದರು. ಕ್ಯಾಥರೀನ್ ಹ್ಯಾರಿಸನ್ ಎಂಬ ಆಸ್ತಿವಂತ ವಿಧವೆಯನ್ನು ತಪ್ಪಿತಸ್ಥೆ ಅಂದ ಮೇಲೆ, 1670ರಲ್ಲಿ ಬಿಟ್ಟು ಕಳಿಸಿದರು. ಒಂದೇ ಷರತ್ತು, ಊರು ಬಿಡಬೇಕು. ಹೆಂಗಸು, ಗಂಡನಿಲ್ಲ, ಕೈಯಲ್ಲಿ ದುಡ್ಡಿದೆ. ನೀರಿನ ಪರೀಕ್ಷೆ ಸುಮ್ನೆ ಯಾಕೆ ಬೇಕು ಇಂಥ ಕೇಸಿಗೆ?

ಕಾದಂಬರಿಯಲ್ಲಿ ಒಂದು ಮಗು ಓದಿದ ಕೂಡಲೇ ಕೇಸು ಬಿದ್ದುಹೋಯಿತು. ನಿಜವಾದ ಕೇಸುಗಳಿಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು. ಆಲ್ಸ್ ಯಂಗ್‌ಳನ್ನು ನೇಣಿಗೆ ಹಾಕಿ ನಾಳೆಗೆ 376 ವರ್ಷ ಅನ್ನುವ ದಿನ, 2023ರ ಮೇ 25ರಂದು, ಕನೆಕ್ಟಿಕಟ್‌ನ ಶಾಸನಸಭೆ ಶಿಕ್ಷೆಯಾದ 12 ಜನರೂ ನಿರಪರಾಧಿಗಳು ಅಂತ ನಿರ್ಣಯ ಪಾಸು ಮಾಡಿತು. ಅಷ್ಟರಲ್ಲಿ 11 ಜನ ಎಂದೋ ನೇಣು ಕಂಡಿದ್ದರು. ಕೆಳಮನೆಯಲ್ಲಿ ಪರವಾಗಿ 121 ಮತ, ವಿರುದ್ಧವಾಗಿ 30. ಸೆನೆಟ್‌ನಲ್ಲಿ ಪರವಾಗಿ 33, ವಿರುದ್ಧ 1.

ಹೌದು, ವಿರುದ್ಧ. ಇಪ್ಪತ್ತೊಂದನೇ ಶತಮಾನದಲ್ಲಿ, ಎಸಿ ಹಾಕಿದ ಸಭಾಂಗಣದಲ್ಲಿ ಕೂತು, ಒಟ್ಟು 31 ಜನ. ಅವರನ್ನೂ ದೂರುವುದು ಬೇಡ. ಆ ಹೆಂಗಸರು ಮುಳುಗಿದರೋ ತೇಲಿದರೋ ಅನ್ನುವ ವರದಿ ಇನ್ನೂ ಕೈಗೆ ಬಂದಿರಲಿಕ್ಕಿಲ್ಲ.