ನಿಮ್ಮ ಲೆಡ್ಜರ್ ತನ್ನಿ, ರಿಸರ್ಚ್ ಅಲ್ಲಿಂದಲೇ ಶುರು ಮಾಡೋಣ

ಕೆಲಸ ಮಾಡ್ತಾ ಓದೋರಿಗೆ ಬಿಸಿನೆಸ್, ರಿಸರ್ಚ್ ಮೆಥಡಾಲಜಿ, ಪ್ರೊಫೆಷನಲ್ ಇಂಗ್ಲಿಷ್ ಅಂತ ಮೂರು ಬೇರೆ ಬೇರೆ ಪಾಠ ಹೇಳೋದು ಅವರಿಗೆ ಮಾಡೋ ಅನ್ಯಾಯ. ಸಿಲಬಸ್ಸಿನಲ್ಲಿ ಮೂರು ಪೇಪರ್ ಇರಲಿ. ಕ್ಲಾಸಿನಲ್ಲಿ ಅವು ಒಂದೇ ಆಗಬೇಕು, ಅದೂ ಅವರ ದುಡಿಮೆಯೊಳಗಿಂದಲೇ ಹುಟ್ಟಬೇಕು.

ಮೈಸೂರಿನಲ್ಲಿ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಶುರುವಾಯ್ತು. ಸಂಜೆ ಕಾಲೇಜುಗಳಂತೂ ಅದಕ್ಕಿಂತ ಹಳೆಯವು. ನಲವತ್ತು ದಾಟಿದವರಿಗೂ ಬಾಗಿಲು ತೆರೀತು, ಆದರೆ ಪಾಠ ಮಾತ್ರ ಇಪ್ಪತ್ತರ ಹುಡುಗರದ್ದೇ ಉಳೀತು. ಎಂ.ಕಾಂ., ಎಂ.ಬಿ.ಎ. ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ತೆಗೆದು ನೋಡಿ. ಯಾವುದೋ ಬ್ಯಾಂಕಿನ ಗ್ರಾಹಕರ ತೃಪ್ತಿಯ ಅಧ್ಯಯನ, ಕೈಗೆ ಸಿಕ್ಕ ನೂರು ಜನ, ಐದು ಹಂತದ ಪ್ರಶ್ನಾವಳಿ, ಪ್ರತಿ ಪುಟಕ್ಕೊಂದು ಪೈ ಚಾರ್ಟ್. ಅಮೆರಿಕದ ಮನಶ್ಶಾಸ್ತ್ರಜ್ಞ ಲೈಕರ್ಟ್ 1932ರಲ್ಲಿ ಆ ಐದು ಹಂತದ ಅಳತೆಗೋಲು ರೂಪಿಸಿದ್ದು ಜನರ ಮನೋಭಾವ ಅಳೆಯೋಕೆ. ಬಿಲ್ ಯಾವತ್ತು ಪಾಸಾಯ್ತು ಅಂತ ತಿಳಿಯೋಕೆ ಅದು ಬೇಕಿಲ್ಲ, ರಿಜಿಸ್ಟರ್ ತೆಗೆದರೆ ಸಾಕು.

ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪ್ ಇಟ್ಟಿರೋ ಒಬ್ಬರು ನನ್ನ ಸಂಜೆ ಬ್ಯಾಚಿನಲ್ಲಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಪ್ರಾಜೆಕ್ಟ್ ವಿಷಯ ಏನು ಅಂತ ಕೇಳಿದಾಗ, "ನೀವೇ ಒಂದು ಟೈಟಲ್ ಕೊಟ್ಬಿಡಿ ಮೇಡಂ" ಅಂದರು. ನಾನು ಕೇಳಿದೆ, "ಸರ್, ರಾತ್ರಿ ನಿದ್ದೆ ಕೆಡಿಸೋದು ಯಾವುದು?" "ಪಾರ್ಟಿಯಿಂದ ಪೇಮೆಂಟ್ ಬರಲ್ಲ, ಅಷ್ಟೇ."

ಅಲ್ಲಿಂದಲೇ ಶುರು ಮಾಡಿದೆವು. ಹಳೇ ಡೆಲಿವರಿ ಚಲನ್, ಬಿಲ್ ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್ ತಂದರು. ಮಾಲು ತಲುಪಿದ ದಿನ, ಪಾರ್ಟಿಯವರು, ಅಂದ್ರೆ ಮಾಲು ಕೊಂಡೋರು, ಇನ್‌ಸ್ಪೆಕ್ಷನ್ ಮುಗಿಸಿದ ದಿನ, ಬಿಲ್ ಕೊಟ್ಟ ದಿನ, ದುಡ್ಡು ಬಂದ ದಿನ, ಹೀಗೆ ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಮಾಡಿದೆವು. ಸರಾಸರಿ ತೆಗೆದಾಗ ಅವರಿಗೇ ನಂಬಿಕೆ ಬರಲಿಲ್ಲ, "ಇಷ್ಟು ತಡ ಎಲ್ಲಾ ಬಿಲ್ಲೂ ಆಗಲ್ಲ" ಅಂದರು. ಅವರು ಹೇಳಿದ್ದು ಸರಿ. ವರ್ಷದ ಹತ್ತಿರ ನಿಂತಿದ್ದ ಒಂದೆರಡು ಬಿಲ್ ಇಡೀ ಸರಾಸರಿಯನ್ನ ಮೇಲಕ್ಕೆ ಎಳೆದಿದ್ದವು. ಮೀಡಿಯನ್, ಅಂದ್ರೆ ಎಲ್ಲಾ ಬಿಲ್‌ಗಳನ್ನ ತಡದ ಪ್ರಕಾರ ಸಾಲಾಗಿ ಇಟ್ಟಾಗ ನಡುವೆ ಬರೋ ಸಂಖ್ಯೆ, ಯಾಕೆ ಬೇಕು ಅನ್ನೋದನ್ನ ಆಮೇಲೆ ನಾನು ಬೋರ್ಡಿನ ಮೇಲೆ ಬಿಡಿಸಿ ಹೇಳಬೇಕಾಗಲೇ ಇಲ್ಲ. ತಿಂಗಳ ಕೊನೇ ವಾರ ಕೊಟ್ಟ ಬಿಲ್‌ಗಳೇ ಹೆಚ್ಚು ತಡ ಅನ್ನೋದೂ ಕಾಣಿಸ್ತು. ಇದಕ್ಕೆ ಕಾರಣ ತಿಂಗಳ ಕೊನೆಯೋ, ಅಥವಾ ದೊಡ್ಡ ಆರ್ಡರ್‌ಗಳೆಲ್ಲ ಆಗಲೇ ಹೋಗೋದೋ? ಆರ್ಡರ್ ಗಾತ್ರದ ಪ್ರಕಾರ ಬೇರೆ ಮಾಡಿ ನೋಡಿದ ಮೇಲೆ, ತಡ ಆಗ್ತಿರೋದು ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಅಂತ ಗೊತ್ತಾಯ್ತು.

ಬಿಸಿನೆಸ್ ಪಾಠ ಬಂದದ್ದು ಇಲ್ಲಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಬಾಕಿಯನ್ನ, ಲಿಖಿತ ಒಪ್ಪಂದ ಇದ್ದರೂ, 45 ದಿನ ಮೀರಿ ಇಟ್ಟುಕೊಳ್ಳೋ ಹಾಗಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು ತಲುಪಿ 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಇನ್‌ಸ್ಪೆಕ್ಷನ್ ಆಗಿಲ್ಲ ಅನ್ನೋ ನೆಪಕ್ಕೆ ಇದೇ ಉತ್ತರ. ಅವರು ಆ ಸಾಲನ್ನ ಪೆನ್ನಿನಲ್ಲಿ ಎರಡು ಸಲ ಗೆರೆ ಎಳೆದು ಓದಿದರು.

ಇಂಗ್ಲಿಷ್ ಪಾಠ ಅಂದ್ರೆ ಆ ಪಾರ್ಟಿಗೆ ಬರೆಯಬೇಕಾದ ಮೇಲ್. ಮೊದಲ ಡ್ರಾಫ್ಟ್ 'ರೆಸ್ಪೆಕ್ಟೆಡ್ ಸರ್' ಇಂದ 'ಕೈಂಡ್ಲಿ ಡೂ ದ ನೀಡ್‌ಫುಲ್' ತನಕ ಒಂದು ಪುಟ ಇತ್ತು, ಬಿಲ್ ನಂಬರ್ ಇರಲಿಲ್ಲ. ಏನು ಹೇಳಬೇಕು ಅಂತ ಮೊದಲು ಕನ್ನಡದಲ್ಲೇ ಮಾತಾಡಿದೆವು. ಆಮೇಲೆ ಬಿಲ್ ನಂಬರ್, ಮಾಲು ತಲುಪಿದ ದಿನ, ಮೊತ್ತ, ಗಡುವು, ಯಾವ ತಾರೀಖಿನೊಳಗೆ ಉತ್ತರ ಬೇಕು ಅನ್ನೋದು, ಎಲ್ಲ ನಾಲ್ಕೈದು ಚಿಕ್ಕ ವಾಕ್ಯದಲ್ಲಿ ಮುಗೀತು. ಒಂದೂ ಕಷ್ಟದ ಪದ ಇಲ್ಲ. ಇಪ್ಪತ್ತು ವರ್ಷ ಧಂಧೆ ಮಾಡಿದವರು ಇಂಗ್ಲಿಷ್ ಅಂದ ಕೂಡಲೇ ತಲೆ ತಗ್ಗಿಸೋದು ನೋಡಿದರೆ ನನಗೆ ಸಂಕಟ ಆಗುತ್ತೆ. ಅವರಿಗೆ ವ್ಯಾಕರಣದ ಕೊರತೆಗಿಂತ ಹೆಚ್ಚಾಗಿ ಕಾಡೋದು, ಯಾರೋ ನಗ್ತಾರೆ ಅನ್ನೋ ಭಯ. ಕ್ಲಾಸಿನಲ್ಲಿ ಕನ್ನಡ ಬೇಡ ಅನ್ನೋ ಮೇಷ್ಟ್ರುಗಳು ಆ ಭಯಕ್ಕೆ ಇನ್ನಷ್ಟು ನೀರೆರೀತಾರೆ.

ವೈವಾದಲ್ಲಿ, ಅಂದ್ರೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಲ್ಲಿ, ಇವರಿಗೆ ಬಂದ ಮೊದಲ ಪ್ರಶ್ನೆ, "ಪ್ರಶ್ನಾವಳಿ ಎಲ್ಲಿ?" ಸಂಸ್ಥೆಯ ದಾಖಲೆಯೂ ದತ್ತಾಂಶವೇ ಅಂತ ನಾನು ವಾದ ಮಾಡಬೇಕಾಯ್ತು. ಪ್ರಶ್ನಾವಳಿ ಇಲ್ಲದಿದ್ದರೆ ರಿಸರ್ಚೇ ಅಲ್ಲ ಅನ್ನೋ ಈ ನಂಬಿಕೆಯೇ, ಜೆರಾಕ್ಸ್ ಅಂಗಡಿಯಲ್ಲಿ ರೆಡಿಮೇಡ್ ರಿಪೋರ್ಟ್ ಮಾರಾಟ ಆಗೋಕೆ ಒಂದು ಕಾರಣ ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಈಗ ಪ್ರಾಜೆಕ್ಟ್ ಟೈಟಲ್ ಒಪ್ಪಿಸಿಕೊಳ್ತಿರೋ ಗೈಡ್‌ಗಳಿಗೆ ನನ್ನ ವಿನಂತಿ ಇಷ್ಟೇ. ನರ್ಸ್ ಬಂದರೆ ಡ್ಯೂಟಿ ರೋಸ್ಟರ್ ಕೇಳಿ, ಗೋಡೌನ್ ಸೂಪರ್‌ವೈಸರ್ ಬಂದರೆ ಸ್ಟಾಕ್ ರಿಜಿಸ್ಟರ್ ಕೇಳಿ. ಮಾಲೀಕರಿಂದ ಒಪ್ಪಿಗೆ ಪತ್ರ ತರಿಸಿ, ಜನರ, ಪಾರ್ಟಿಗಳ ಹೆಸರಿನ ಜಾಗದಲ್ಲಿ ಎ, ಬಿ, ಸಿ ಅಂತ ಹಾಕಿಸಿ. ಒಪ್ಪಿಗೆ ಸಿಗದಿದ್ದರೆ ಮಾತ್ರ ಬೇರೆ ವಿಷಯ ಹುಡುಕಿ.