ದಯವಿಟ್ಟು ಸರಿಯಾದ ಹೆಸರನ್ನು ನಮೂದಿಸಿ

ಮನುಷ್ಯನ ಹೆಸರಿಗೆ ಎರಡೇ ಭಾಗ. ಒಂದು ಮೊದಲ ಹೆಸರು, ಇನ್ನೊಂದು ಕೊನೆಯ ಹೆಸರು. ಯಾರು ಹಾಗೆ ತೀರ್ಮಾನಿಸಿದರು ಅಂತ ಕೇಳಬೇಡಿ. ಆನ್‌ಲೈನ್ ಫಾರಂನಲ್ಲಿ ಎರಡು ಕಾಲಂ ಇವೆ, ಎರಡರ ಪಕ್ಕದಲ್ಲೂ ಕೆಂಪು ಚುಕ್ಕಿ ಇದೆ. ಅಂದಮೇಲೆ ಮನುಷ್ಯರೇ ಹೊಂದಿಕೊಂಡು ಹೋಗಬೇಕು, ಅಲ್ವಾ?

ಪಾಪ, ಈ ವಿಷಯ ಜಗತ್ತಿನ ಬಹಳಷ್ಟು ಜನಕ್ಕೆ ತಡವಾಗಿ ತಿಳಿಯಿತು. ಬಾಲಿಯಲ್ಲಿ ಮೊದಲ ಮಗು ವಾಯಾನ್, ಎರಡನೆಯದು ಮಾಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಾಯಾನ್‌ನಿಂದ ಶುರು. ಘಾನಾದ ಅಕಾನ್ ಜನ ಹುಟ್ಟಿದ ವಾರವನ್ನೇ ಹೆಸರಾಗಿ ಇಡುತ್ತಾರೆ. ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ಹಾಗೆ ಹೆಸರು ಪಡೆದ ಕೋಫಿ ಅನ್ನಾನ್ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾದರು.

ಅವರಿಗೂ ಮುಂಚೆ, 1961ರಿಂದ 1971ರವರೆಗೆ, ಅದೇ ಕುರ್ಚಿಯಲ್ಲಿ ಬರ್ಮಾದ ಊ ಥಾಂಟ್ ಇದ್ದರು. ‘ಊ’ ಅನ್ನುವುದು ನಮ್ಮ ‘ಶ್ರೀಯುತ’ ಇದ್ದ ಹಾಗೆ. ನಿಜವಾದ ಹೆಸರು ಬರೀ ಥಾಂಟ್. ಕ್ಯೂಬಾ ಬಿಕ್ಕಟ್ಟಿನಲ್ಲಿ ಅಮೆರಿಕ, ರಷ್ಯಾ ಎರಡರ ನಡುವೆ ನಿಂತು ಮಾತಾಡಿದ ಮನುಷ್ಯ. ಇವತ್ತಾಗಿದ್ದರೆ ಒಂದು ವಿಮಾನದ ಟಿಕೆಟ್ ಬುಕ್ ಮಾಡಲು ಹೋಗಿ ಎರಡನೇ ಕಾಲಂನಲ್ಲೇ ಸೋಲುತ್ತಿದ್ದರು.

ಅಮೆರಿಕದ ವೀಸಾದವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅದನ್ನು ಮನೆತನದ ಹೆಸರಿನ ಜಾಗಕ್ಕೆ ತಳ್ಳುತ್ತಾರೆ. ಖಾಲಿಯಾದ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಹೆಸರಿನ ಯಜಮಾನ ಕೌಂಟರಿನ ಎದುರೇ ನಿಂತಿರುತ್ತಾನೆ, ಆದರೂ ಗೊತ್ತಿಲ್ಲ! ಆಮೇಲೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ‘ಮಿಸ್ಟರ್ ಎಫ್‌ಎನ್‌ಯು’ ಅಂತ ಕೂಗಿದರೆ ಅವನು ಎದ್ದು ಹೋಗಬೇಕು.

ಇದಕ್ಕೆಲ್ಲ ಕಂಪ್ಯೂಟರನ್ನು ಬೈಯುವವರಿದ್ದಾರೆ. ಅದು ಅನ್ಯಾಯ. ಕಂಪ್ಯೂಟರ್ ಹುಟ್ಟುವ ಮೊದಲೇ ಕಚೇರಿಗಳು ಈ ಸೇವೆ ಮಾಡುತ್ತಿದ್ದವು. 1849ರಲ್ಲಿ ಫಿಲಿಪೀನ್ಸನ್ನು ಆಳುತ್ತಿದ್ದ ಸ್ಪೇನಿನ ಗವರ್ನರ್ ಜನರಲ್ ಕ್ಲಾವೇರಿಯಾಗೆ ಅಲ್ಲಿನ ಜನರ ಹೆಸರುಗಳು ಗೊಂದಲವಾಗಿ ಕಂಡವು. ತೆರಿಗೆ ಲೆಕ್ಕ ಸರಿಯಾಗಿ ಸಿಗುತ್ತಿರಲಿಲ್ಲ, ಅದೇ ಕಷ್ಟ. ಮನೆತನದ ಹೆಸರುಗಳ ಒಂದು ದಪ್ಪ ಪಟ್ಟಿ ಮಾಡಿಸಿ ಊರೂರಿಗೆ ಹಂಚಿದ. ಕೆಲವು ಊರುಗಳಿಗೆ ಒಂದೇ ಅಕ್ಷರದ ಪುಟಗಳು ಹೋದವು. ಇಡೀ ಊರಿಗೆ ಊರೇ ಒಂದೇ ಅಕ್ಷರದ ಮನೆತನಗಳಾಯಿತು.

ಮಂಗೋಲಿಯಾದ್ದು ಇನ್ನೂ ಸೊಗಸು. 1920ರ ದಶಕದಲ್ಲಿ ಸರ್ಕಾರ ಕುಲದ ಹೆಸರು ಬೇಡ ಅಂದಿತು. ಜನ ಮರೆತರು. 1990ರ ದಶಕದಲ್ಲಿ ಸರ್ಕಾರವೇ ಬೇಕು ಅಂದಿತು. ಎಲ್ಲಿಂದ ತರುವುದು? ಸುಮಾರು ಜನ ಚೆಂಗಿಸ್ ಖಾನನ ಕುಲವಾದ ಬೋರ್ಜಿಗಿನ್ ಅನ್ನೇ ಆರಿಸಿಕೊಂಡರು. ಅಂದರೆ ಆ ಕಾಲದಲ್ಲಿ ಎಲ್ಲರೂ ರಾಜವಂಶದವರೇ. ಕುದುರೆಗೆ ಹುಲ್ಲು ಹಾಕುತ್ತಿದ್ದವರಿಗೆ ಮಕ್ಕಳೇ ಆಗಲಿಲ್ಲವೇನೋ. ಆ ದೇಶದ ಮೊದಲ ಗಗನಯಾತ್ರಿ ಗುರ್ರಾಗ್ಚಾ ಮಾತ್ರ ‘ಬ್ರಹ್ಮಾಂಡ’ ಅನ್ನುವ ಅರ್ಥದ ಹೆಸರು ಇಟ್ಟುಕೊಂಡರು. ಹೋಗಿ ನೋಡಿ ಬಂದವರು, ಅವರಿಗೆ ಹಕ್ಕಿದೆ ಬಿಡಿ.

ಇಂಡೋನೇಷ್ಯಾದಲ್ಲಿ 2022ರಲ್ಲಿ ಹೊಸ ನಿಯಮ ಬಂತು. ಹೆಸರಿನಲ್ಲಿ ಕನಿಷ್ಠ ಎರಡು ಪದ ಇರಬೇಕು, ಅರವತ್ತು ಅಕ್ಷರ ಮೀರಬಾರದು. ಆ ದೇಶದ ಮೊದಲ ಇಬ್ಬರು ಅಧ್ಯಕ್ಷರ ಹೆಸರು ಸುಕರ್ನೊ ಮತ್ತು ಸುಹಾರ್ಟೊ. ಇಬ್ಬರನ್ನೂ ಸೇರಿಸಿದರೆ ಒಂದು ಹೆಸರು ಪಾಸಾಗುತ್ತದೆ.

ಐಸ್‌ಲ್ಯಾಂಡಿನಲ್ಲಿ ಬಹುಪಾಲು ಜನಕ್ಕೆ ಮನೆತನದ ಹೆಸರೇ ಇಲ್ಲ. ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಅಂತ ಬಾಲ ಸೇರಿಸುತ್ತಾರೆ, ಅಷ್ಟೇ. ಫೋನ್ ಡೈರೆಕ್ಟರಿಯೂ ಮೊದಲ ಹೆಸರಿನ ಕ್ರಮದಲ್ಲೇ ಇರುತ್ತಿತ್ತು. ಇಷ್ಟು ಸಲೀಸಾಗಿದ್ದರೆ ಸರ್ಕಾರಕ್ಕೆ ಏನು ಕೆಲಸ? ಅದಕ್ಕೇ ಹೆಸರುಗಳನ್ನು ಒಪ್ಪಲು ಒಂದು ಸಮಿತಿ ಇದೆ. ಒಬ್ಬ ತಾಯಿ ಮಗಳಿಗೆ ತಂಗಾಳಿ ಅನ್ನುವ ಅರ್ಥದ ‘ಬ್ಲೈರ್’ ಅಂತ ಹೆಸರಿಟ್ಟರು. ವ್ಯಾಕರಣದಲ್ಲಿ ಅದು ಪುಲ್ಲಿಂಗ ಅಂತ ಅನುಮತಿ ಸಿಗಲಿಲ್ಲ. ಸರ್ಕಾರಿ ಕಾಗದಗಳಲ್ಲಿ ಆ ಮಗುವಿನ ಹೆಸರು ‘ಹುಡುಗಿ’. ಹದಿನೈದು ವರ್ಷದವಳಾದ ಮೇಲೆ, 2013ರಲ್ಲಿ, ಕೋರ್ಟು ಅವಳ ಹೆಸರನ್ನು ಅವಳಿಗೆ ಕೊಡಿಸಿತು. ಗಾಳಿಗೆ ಇದ್ಯಾವುದೂ ಗೊತ್ತಿಲ್ಲ, ಅದು ಲಿಂಗ ನೋಡದೆ ಸುಮ್ನೆ ಬೀಸುತ್ತಲೇ ಇತ್ತು.

ಸ್ವೀಡನ್ನಿನ ದಂಪತಿ ಮಾತ್ರ ತಕ್ಕ ಉತ್ತರ ಕೊಟ್ಟರು. ಮಗುವಿಗೆ ಐದು ವರ್ಷವಾದರೂ ಹೆಸರು ನೋಂದಾಯಿಸಿಲ್ಲ ಅಂತ ಅವರಿಗೆ 5,000 ಕ್ರೋನಾ ದಂಡ ಬಿತ್ತು. ಆಗ 1996ರಲ್ಲಿ ಅವರು ಅಕ್ಷರ, ಅಂಕಿ ಸೇರಿ 43 ಚಿಹ್ನೆಗಳ ಒಂದು ಹೆಸರು ಬರೆದುಕೊಟ್ಟರು. ಅದನ್ನು ‘ಆಲ್ಬಿನ್’ ಅಂತ ಉಚ್ಚರಿಸಬೇಕು ಅಂದರು. ಅಧಿಕಾರಿಗಳು ಒಪ್ಪಲಿಲ್ಲ. ಹಾಗಾದರೆ ‘ಎ’ ಅನ್ನುವ ಒಂದೇ ಅಕ್ಷರ ಇರಲಿ, ಉಚ್ಚಾರಣೆ ಮಾತ್ರ ಅದೇ ಅಂದರು. ಅದನ್ನೂ ಒಪ್ಪಲಿಲ್ಲ. ಆ ಉದ್ದದ ಹೆಸರಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲವೂ ಇವೆ. ಹೆಸರಿನ ಕಾಲಂನಲ್ಲಿ ಬೇಡ ಅಂದದ್ದನ್ನು ಕೆಳಗಿನ ಪಾಸ್‌ವರ್ಡ್ ಕಾಲಂನಲ್ಲಿ ಹಾಕಿ ನೋಡಿ. ‘ತುಂಬಾ ಚೆನ್ನಾಗಿದೆ’ ಅಂತ ಹಸಿರು ಗೆರೆ ಬರುತ್ತದೆ.